ಕಚಕಡಾ ಆನೆಯ ಸೊಂಡಿಲು

ಮನೆಯಲ್ಲಿ ಏನಾದರೂ ಮುರಿದಾಗ ಕಾಲಮೇಲೆ ಕಾಲು ಹಾಕಿಕೊಂಡು ಕೂಡುವ ಗಂಡಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಎಂಥ ನೆಮ್ಮದಿ ಅವರದು! ನನ್ನ ಕೈಗೆ ಆ ಪುಣ್ಯವಿಲ್ಲ. ಗಡಿಯಾರ ನಿಂತರೆ ಬಿಚ್ಚುತ್ತೇನೆ, ಕೊಡೆ ಹರಿದರೆ ಹೊಲಿಯುತ್ತೇನೆ. ನಾನು ಹೊಲಿದ ಕೊಡೆ ಆಮೇಲೆ ಬಿಚ್ಚಿಕೊಳ್ಳಲೇ ಇಲ್ಲ ಎನ್ನುವುದು ಬೇರೆ ಮಾತು. ಸೊಲ್ಲಾಪುರದಲ್ಲಿ ಒಂದು ಚಾದರದ ಅಂಗಡಿ ಇಟ್ಟುಕೊಂಡವನಿಗೆ ಈ ಉಸಾಬರಿ ಯಾಕೆ ಎಂದು ಕೇಳಬೇಡಿ, ನನ್ನ ಹೆಂಡತಿ ಗಂಗವ್ವ ದಿನಾ ಕೇಳುತ್ತಾಳೆ. "ನಿಮ್ಮ ಕೈ ಸುಮ್ನ ಇದ್ರ ಮನಿ ಸುಖದಿಂದ ಇರ್ತದ ನೋಡ್ರಿ" ಎನ್ನುವುದು ಅವಳ ಮಂತ್ರ. ಅಂಥವಳೇ ಆ ಸಲದ ಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ಅಳುಮುಖ ಮಾಡಿಕೊಂಡು ನನ್ನ ಮುಂದೆ ಬಂದು ನಿಂತಳು. "ಏನರೆ ಮಾಡ್ರಿ, ನನ್ನ ಮಾನ ಉಳಸ್ರಿ!" ಅಬ್ಬಾ, ನನ್ನ ಎದೆ ಎರಡು ಗೇಣು ಉಬ್ಬಿತು.

ಸಂಗತಿ ಇಷ್ಟು. ನಮ್ಮ ಕಡೆ ಭಾದ್ರಪದದಲ್ಲಿ ಅಕ್ಕ-ತಂಗಿ ಇಬ್ಬರು ಲಕ್ಷ್ಮಿಯರನ್ನು ಸೀರೆ ಉಡಿಸಿ ನಿಲ್ಲಿಸುತ್ತಾರೆ, ಮುಂದೆ ಮನೆಯ ಆಟಿಕೆ ಸಾಮಾನೆಲ್ಲ ಜೋಡಿಸುತ್ತಾರೆ. ಅಕ್ಕಲಕೋಟೆಯ ನನ್ನ ಅತ್ತೆಯವರ ಹತ್ತಿರ ಎರಡು ಬಿಳಿ ಆನೆಗಳಿದ್ದವು. ಸೆಲ್ಯುಲಾಯ್ಡಿನವು, ನಮ್ಮ ಊರಲ್ಲಿ ಅದಕ್ಕೆ ಕಚಕಡಾ ಎನ್ನುತ್ತಾರೆ. ಬಾಲ ಒತ್ತಿದರೆ ಸೊಂಡಿಲೆತ್ತಿ ಲಕ್ಷ್ಮಿಗೆ ಸಲಾಮು ಹೊಡೆಯುತ್ತಿದ್ದವು. ಅದನ್ನು ನೋಡಲಿಕ್ಕೇ ಓಣಿಯ ಹೆಂಗಸರು ಅರಿಸಿನ ಕುಂಕುಮದ ನೆಪ ಮಾಡಿಕೊಂಡು ಬರುತ್ತಿದ್ದರು. ಈ ಆನೆಗಳು ವರ್ಷವೂ ಅದೇ ಊರಿನಲ್ಲಿದ್ದ ಗಂಗವ್ವನ ಅಕ್ಕನ ಮನೆಗೇ ಹೋಗುತ್ತಿದ್ದವು. ಗಂಗವ್ವ ಅತ್ತು, ಕರೆದು, ಉಪವಾಸ ಬಿದ್ದು, ಆ ವರ್ಷ ತನ್ನ ಪಾಳಿ ಎಂದು ಹಟ ಹಿಡಿದು ತರಿಸಿಕೊಂಡಿದ್ದಳು. ಕಳಿಸುವಾಗ ಅಕ್ಕ ಒಂದೇ ಮಾತು ಹೇಳಿದ್ದಳಂತೆ: "ಒಯ್ಯವ್ವಾ. ಹೆಂಗ ಕೊಟ್ಟೀನಿ ಹಂಗ ಕೊಡು." ಗಂಗವ್ವ ಅಷ್ಟೊಂದು ಅಕ್ಕರೆಯಿಂದ ಆನೆಗಳಿಗೆ ಅಭ್ಯಂಗ ಸ್ನಾನ ಮಾಡಿಸಿದಾಗ ಒಂದರ ಸೊಂಡಿಲು ಕಳಚಿ ಮೋರಿಯಲ್ಲಿ ಹರಿದುಹೋಯಿತು.

ಇನ್ನೊಂದು ಆನೆಯ ಸೊಂಡಿಲು ಬಿಚ್ಚಿ, ಅಚ್ಚು ತೆಗೆದು, ಮೇಣದಲ್ಲಿ ಅದರ ಅವಳಿಯನ್ನು ಎರಕ ಹೊಯ್ಯುವುದು ನನ್ನ ಉಪಾಯ. ಆದರೆ ಇದ್ದೊಂದು ಸೊಂಡಿಲಿಗೆ ಗೀರು ಕೂಡ ಬೀಳಬಾರದು. ಅದಕ್ಕೇ ಮೊದಲು ನನ್ನ ಹೆಬ್ಬೆರಳಿನ ಮೇಲೆ ಪ್ರಯೋಗ ಮಾಡಿದೆ. ಕಾಂಪೌಂಡರ್ ಗೆಳೆಯನಿಂದ ಮುರಿದ ಕೈಕಾಲಿಗೆ ಹಾಕುವ ಪ್ಲಾಸ್ಟರ್ ತಂದು, ಕಲಸಿ, ಬೆರಳು ಅದ್ದಿ ಕೂತೆ. ಪ್ಲಾಸ್ಟರ್ ಭಲೇ ಗಟ್ಟಿಯಾಯಿತು. ಬೆರಳು ಹೊರಗೆ ಬರಲಿಲ್ಲ. ಆ ಗಡ್ಡೆಯನ್ನು ಹೊತ್ತುಕೊಂಡೇ ಅಂಗಡಿಗೆ ಹೋದೆ. ಬಂದ ಗಿರಾಕಿಗಳೆಲ್ಲ ಚಾದರ ಬಿಟ್ಟು ಬೆರಳಿನ ಚೌಕಾಶಿಗೆ ನಿಂತರು. ಸಂಜೆ ಕಾಂಪೌಂಡರನೇ ಸುತ್ತಿಗೆ ತಂದು ಒಡೆದ. "ಮೆತ್ತನ ಅಚ್ಚ ಮಾಡ್ರಿ ಸಾವಕಾರ್ರ. ಬಡಗ್ಯಾರ ಅಂಟು ಕುದಿಸಿ ಹೊಯ್ರಿ, ಬಾಳಿಹಣ್ಣಿನ ಸಿಪ್ಪಿ ಹಂಗ ಸುಲಕೊಂಡು ಬರ್ತದ" ಎಂದ. ಗಂಗವ್ವನಿಗೆ ಹೇಳಿದರೆ ಸೌಟು ಎತ್ತಿದಳು. "ಅದು ತೊಗಲಿನ ಅಂಟು! ಲಕ್ಷ್ಮಿ ಕೂಡೂ ಮನ್ಯಾಗ ತೊಗಲ ಕುದಸ್ತೀರೇನು?"

ಆಗ ನನ್ನ ಕಣ್ಣಿಗೆ ಬಿದ್ದದ್ದು ಅವಳು ನೈವೇದ್ಯಕ್ಕೆ ತರಿಸಿಟ್ಟಿದ್ದ ಚೈನಾ ಗ್ರಾಸ್. ಕುದಿಸಿ, ಸಕ್ಕರೆ ಹಾಕಿ ಆರಲು ಬಿಟ್ಟರೆ ಥರಥರ ನಡುಗುತ್ತ ನಿಲ್ಲುತ್ತದಲ್ಲ, ಅದೇ. ಮೆತ್ತಗೆ, ಶುದ್ಧ ಶಾಕಾಹಾರಿ! ಹಬ್ಬದ ದಿನ ಬೆಳಿಗ್ಗೆ ಕಾಡಿ ಬೇಡಿ ಸಕ್ಕರೆ ಹಾಕುವ ಮೊದಲೇ ಒಂದು ಬಟ್ಟಲು ತೆಗೆದುಕೊಂಡೆ. ಕಚಕಡಾ ಬಿಸಿಗೆ ಸೊಟ್ಟಗಾಗುತ್ತದೆಂದು ಉಗುರುಬೆಚ್ಚಗಾಗುವ ತನಕ ಕಾದು, ಸೊಂಡಿಲಿಗೆ ತುಪ್ಪ ಸವರಿ ಮುಳುಗಿಸಿ, ಬಾಳೆಲೆ ಮುಚ್ಚಿ, ದೇವರ ಕೋಣೆಯ ತಣ್ಣನೆಯ ಮೂಲೆಯಲ್ಲಿ ಇಟ್ಟು ಜಳಕಕ್ಕೆ ಹೋದೆ. ಅಷ್ಟರಲ್ಲೇ ಅಕ್ಕಲಕೋಟೆಯ ಬಸ್ಸಿಳಿದು ಅತ್ತೆಯವರು ಬಂದರು. "ಆನಿ ಎಲ್ಲವ?" ಎಂದು ಕೇಳಿದ್ದಕ್ಕೆ ಗಂಗವ್ವ, "ಸಂಜೀಕ ಹೆಣ್ಮಕ್ಕಳು ಬಂದಾಗ ಇಡ್ತೀನಿ ಅವ್ವಾ" ಎಂದಳಂತೆ. ಅತ್ತೆಯವರು ಮಡಿ ಉಟ್ಟು, ಕೋಣೆಯಲ್ಲಿ ಕಂಡ ಬಟ್ಟಲುಗಳನ್ನೆಲ್ಲ ಲಕ್ಷ್ಮಿಯರ ಮುಂದೆ ಜೋಡಿಸಿ ಬಾಗಿಲು ಹಾಕಿಬಿಟ್ಟರು.

ನಮ್ಮಲ್ಲಿ ನೈವೇದ್ಯ ಇಟ್ಟ ಮೇಲೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚುವ ಪದ್ಧತಿ. ಅಕ್ಕ-ತಂಗಿ ಸಂಕೋಚವಿಲ್ಲದೆ ಉಣ್ಣಲಿ ಎಂದು. ಆಮೇಲೆ ಹಿರಿಯ ಹೆಂಗಸು ಬಾಗಿಲು ತೆರೆದು, ದೇವಿ ಉಂಡ ಗುರುತು ಎಲ್ಲಿದೆ, ಅನ್ನದಲ್ಲಿ ಬೆರಳು ಮೂಡಿದೆಯೋ ಎಂದು ಹುಡುಕುತ್ತಾಳೆ. ಅತ್ತೆಯವರು ದೀಪ ಹಿಡಿದು ಒಂದೊಂದೇ ಬಟ್ಟಲು ನೋಡುತ್ತ ಬಂದರು, ಬಾಳೆಲೆ ಸರಿಸಿದರು, ಚಿಟ್ಟನೆ ಚೀರಿದರು. "ಅಯ್ಯ ನನ್ನವ್ವಾ! ಸೊಂಡಿಲ ಮೂಡ್ಯದ! ತಾಯೇರು ಆನಿಮುಖದ ಮಗನ್ನೂ ಕರಕೊಂಡು ಬಂದಾರ!" ಓಣಿಗೆ ಓಣಿಯೇ ಓಡಿ ಬಂತು. ಬಟ್ಟಲಿಗೆ ಕುಂಕುಮ ಬಿತ್ತು, ಆರತಿ ಎತ್ತಿದರು. ಅತ್ತೆಯವರು ಅಂಚಿನದೊಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣೀರು ತಂದರು: "ಸಕ್ಕರಿ ಒಂದು ಹರಳೂ ಬಿಟ್ಟಿಲ್ಲ ನೋಡ್ರಿ, ಎಲ್ಲಾ ತಿಂದು ಹೋಗ್ಯಾರ!" ನಾನು ಗಂಗವ್ವನ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ತುರುಕಿಕೊಂಡು ನಡುಗುತ್ತಿದ್ದಳು. ಅಳುವೋ ನಗುವೋ ಆ ಜಗದಂಬೆಗೇ ಗೊತ್ತು.

ಅತ್ತೆಯವರು ಸೊಂಡಿಲಿದ್ದ ತುಂಡನ್ನು ಹಾಗೇ ಎತ್ತಿ ನನ್ನ ಅಂಗೈಯಲ್ಲಿಟ್ಟರು. "ಇದು ಮನಿ ಯಜಮಾನ್ರಿಗೇ. ಹಲ್ಲು ಹಚ್ಚಬ್ಯಾಡ್ರಿ ಅಳಿಯಂದ್ರ, ಹಂಗ ನುಂಗ್ರಿ." ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಬಾಯಿಗೆ ಹಾಕಿಕೊಂಡೆ, ಅಚ್ಚನ್ನಷ್ಟೇ ನುಂಗಿ ಸೊಂಡಿಲನ್ನು ಗಲ್ಲದಲ್ಲಿ ಬಚ್ಚಿಟ್ಟೆ. "ಜಾವಯಬಾಪು ಗಪ್ಪ ಕಾ?" ಎಂದು ಪಕ್ಕದ ಮನೆಯ ಮರಾಠಿ ಹೆಂಗಸು ಕೇಳಿದಳು, ಅಳಿಯ ಯಾಕೆ ಸುಮ್ಮನಾದ ಎಂದು. "ಭಕ್ತಿ" ಎಂದರು ಅತ್ತೆಯವರು. ಭಕ್ತಿಯಿಂದ ನಿಂತವನ ಮೂಗಿಗೆ ಯಾರೋ ಲೋಬಾನದ ಹೊಗೆ ಹಿಡಿದರು. ಸೀನಬಾರದೆಂದು ದವಡೆ ಬಿಗಿದೆ. ಕಚಕ್ ಎಂದಿತು. ಹಿತ್ತಲಿಗೆ ಓಡಿ ತೆಗೆದು ನೋಡಿದರೆ, ಸೊಂಡಿಲಿನ ನಡುವೆ ನನ್ನ ಸೊಟ್ಟ ಕೋರೆಹಲ್ಲು ಮಾಡಿದ ಅಚ್ಚುಕಟ್ಟಾದ ತಗ್ಗು!

ಅಳುವುದಕ್ಕೆ ಹೊತ್ತಿರಲಿಲ್ಲ. ಮಧ್ಯಾಹ್ನ ಅತ್ತೆಯವರು ಅಡ್ಡಾದ ಕೂಡಲೇ ಗಂಗವ್ವ ಉಳಿದ ಚೈನಾ ಗ್ರಾಸ್ ಕುದಿಸಿದಳು, ನಾನು ಮತ್ತೆ ಅಚ್ಚು ಹೊಯ್ದೆ. ಒಂದು ಬದಿ ಕೊಯ್ದು ಸುಲಿದು ಸೊಂಡಿಲು ತೆಗೆದು, ಕೊಯ್ದದ್ದನ್ನು ಕೂಡಿಸಿ ದಾರ ಸುತ್ತಿ, ಬಿಳಿ ಮೇಣದಬತ್ತಿ ಕರಗಿಸಿ ಹೊಯ್ದೆವು. ಕೈಗೆ ಬಂದ ಸೊಂಡಿಲನ್ನು ನೋಡಿ ಗಂಗವ್ವ ನನ್ನ ಕೈಗೆ ಕಣ್ಣೊತ್ತಿದಳು, ಮದುವೆಯಾದ ಮೇಲೆ ಮೊದಲ ಸಲ! ಸಂಜೆ ದೀಪದಿಂದ ದೂರ ಇಟ್ಟ ಎರಡೂ ಆನೆಗಳು ಅಕ್ಕನಿಗೊಂದು, ತಂಗಿಗೊಂದು ಸಲಾಮು ಹೊಡೆದವು. ಅತ್ತೆಯವರು ಬಗ್ಗಿ ನೋಡಿದರು. ಒಂದರ ಸೊಂಡಿಲು ಸವರಿದರು, ಇನ್ನೊಂದರದು ಸವರಿದರು. ನನ್ನ ಅಚ್ಚು ಎಷ್ಟು ಪ್ರಾಮಾಣಿಕವಾಗಿತ್ತೆಂದರೆ, ಮೂಲದಲ್ಲಿದ್ದ ಹಲ್ಲಿನ ತಗ್ಗು ಮೇಣದ ಸೊಂಡಿಲಿನಲ್ಲೂ ಅದೇ ಜಾಗದಲ್ಲಿ, ಅದೇ ಸೊಟ್ಟಿನಲ್ಲಿ ಮೂಡಿತ್ತು. ಅತ್ತೆಯವರು ಗಲ್ಲ ಗಲ್ಲ ಬಡಿದುಕೊಂಡರು. "ಎರಡರ ಮ್ಯಾಲೂ ಗುರುತ! ಅಕ್ಕ-ತಂಗಿ ಇಬ್ಬರೂ ಮುಟ್ಯಾರ! ಗಂಗೂ, ಆನಿ ಇನ್ನ ಈ ಮನಿ ಬಿಟ್ಟು ಹೊರಗ ಹೋಗೂದು ಬ್ಯಾಡ!"

ಅಂದಿನಿಂದ ಆನೆಗಳು ನಮ್ಮವು. ವರ್ಷವರ್ಷ ಅಕ್ಕಲಕೋಟೆಯಿಂದ ಗಂಗವ್ವನ ಅಕ್ಕನೂ ಬರುತ್ತಾಳೆ, ಸಾಲಿನಲ್ಲಿ ನಿಂತು ನನ್ನ ಹಲ್ಲಿನ ಗುರುತಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತಾಳೆ. ಗಂಗವ್ವ ಮೊಣಕೈಯಿಂದ ತಿವಿಯುತ್ತಾಳೆಂದು ಪಕ್ಕದಲ್ಲಿ ನಾನೂ ಮುಗಿಯುತ್ತೇನೆ. ಹಬ್ಬದ ಮೂರು ದಿನ ಬಾಯಿ ತೆರೆದು ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಅಳಿಯಂದಿರು ಎಷ್ಟು ಗಂಭೀರ ಎಂದು ಅತ್ತೆಯವರು ಊರೆಲ್ಲ ಹೊಗಳುತ್ತಾರೆ.