ಹತ್ತು ಜನರ ಬಾಟಲಿ

ಬೀಗರ ಮನೆಯಿಂದ ಬಂದ ಸಂದೇಶದಲ್ಲಿ ಮಗುವಿನ ಫೋಟೋ ಇತ್ತು. ಫೋಟೋದ ಕೆಳಗೆ ಷರತ್ತೂ ಇತ್ತು: "ಲಸಿಕೆ ಹಾಕಿಸಿಕೊಳ್ಳದವರು ದಯವಿಟ್ಟು ಗೇಟಿನ ಆಚೆಯೇ ನಿಂತು ಸಹಕರಿಸಬೇಕು." ನೆಂಟರಿಗೆ ಬರೆದದ್ದೋ ಹಾಲಿನವನಿಗೆ ಬರೆದದ್ದೋ ಗೊತ್ತಾಗದಂಥ ಒಕ್ಕಣೆ.

ಕಂಡಕ್ಟರ್ ಅದನ್ನು ಮತ್ತೊಮ್ಮೆ ಓದಿದರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಬೀದಿಯವರಿಗೆಲ್ಲ ಅವರು ಇನ್ನೂ ಕಂಡಕ್ಟರೇ. ಮೊಮ್ಮಗಳು ಹುಟ್ಟಿ ಮೂರು ತಿಂಗಳಾಗಿತ್ತು; ಅಜ್ಜ ಅವಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಅಳಿಯನಿಗೆ ದೂರದ ಊರಿಗೆ ವರ್ಗವಾಗಿತ್ತು. ನಾಳೆ ಬೆಳಿಗ್ಗೆ ಹೆಂಡತಿ, ಮಗು, ಗಂಟುಮೂಟೆ ಸಮೇತ ಹೊರಡುವವನಿದ್ದ. ಇವತ್ತು ತಪ್ಪಿದರೆ ಮೊಮ್ಮಗಳು ಕೈಗೆ ಸಿಗುವುದು ಅವಳಿಗೆ ಹಲ್ಲು ಬಂದು, ಅಪರಿಚಿತರನ್ನು ಕಚ್ಚುವಷ್ಟು ದೊಡ್ಡವಳಾದ ಮೇಲೆಯೇ.

"ಮೂಗು ಮಾತ್ರ ನಮ್ಮ ಕಡೇದೇ," ಎಂದರು ಹೆಂಡತಿ. ಆಕೆ ಅಕ್ಕನ ಜೊತೆ ಹೋಗಿ ಯಾವಾಗಲೋ ಸೂಜಿ ಚುಚ್ಚಿಸಿಕೊಂಡು, ಮಗುವನ್ನೂ ಎತ್ತಾಡಿಸಿ ಬಂದಿದ್ದರು. "ಎತ್ಕೊಂಡ್ರೆ ಭುಜದ ಮೇಲೆ ಹೀಗೆ ಒರಗ್ಕೊಳತ್ತೆ... ನಿಮಗೆಲ್ಲಿ ಗೊತ್ತಾಗ್ಬೇಕು ಬಿಡಿ."

"ನಾನೇನು ಹೋಗ್ದೇ ಕೂತಿದೀನೇನೇ?"

ಹೋಗಿದ್ದರು. ಮೊದಲು, ಫೋನಿನಲ್ಲಿ ಹೆಸರು ಬರೆಸಬೇಕು ಎಂದರು ಲಸಿಕೆ ಕೇಂದ್ರದವರು. ಫೋನಿನೊಳಗಿನ ಬಾಗಿಲು ಒಂದು ಸೀನು ಸೀನುವಷ್ಟರಲ್ಲಿ ತೆರೆದು ಮುಚ್ಚಿಹೋಗುತ್ತಿತ್ತು. ಆಮೇಲೆ, ನೇರವಾಗಿ ಬನ್ನಿ ಎಂದರು. ಹೋದರೆ ಸ್ಟಾಕ್ ಇಲ್ಲ. ಸ್ಟಾಕ್ ಬಂದ ದಿನ, ಎರಡನೇ ಡೋಸಿನವರಿಗೆ ಮಾತ್ರ. "ಮೊದಲನೇದು ಕೊಡದೆ ಎರಡನೇದಕ್ಕೆ ಹೇಗಪ್ಪಾ ಬರೋದು?" ಎಂದು ಕೇಳಿದ್ದಕ್ಕೆ ಕಾವಲುಗಾರ, "ಅದನ್ನ ಮೇಲಿನವರನ್ನ ಕೇಳಿ," ಎಂದು ಬೆರಳೆತ್ತಿದ್ದ. ಮೇಲೆ ದೊಡ್ಡ ಫಲಕವೊಂದು ನಗುತ್ತಿತ್ತು: "ಸರ್ವರಿಗೂ ಲಸಿಕೆ ನೀಡಿದ ನಾಯಕರಿಗೆ ಧನ್ಯವಾದಗಳು." ಲಸಿಕೆಗಿಂತ ಮೊದಲು ಧನ್ಯವಾದ ಬಂದು ಕೂತಿತ್ತು.

ಇವತ್ತು ಮಾತ್ರ ಸ್ಟಾಕ್ ಇದೆ ಎಂಬ ಸುದ್ದಿ ಬಂತು. ಕಾಫಿ ಅರ್ಧಕ್ಕೇ ಬಿಟ್ಟು ಕಂಡಕ್ಟರ್ ಓಡಿದರು.

ಲಸಿಕೆ ಕೇಂದ್ರವೆಂದರೆ ಸರ್ಕಾರಿ ಶಾಲೆಯ ಎರಡು ಕೋಣೆ. ಒಂದನೇ ತರಗತಿಯ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಮೇಜಿನ ಮೇಲೆ ಐಸ್ ಪೆಟ್ಟಿಗೆ, ಅದರ ಪಕ್ಕ ಕೈಕಟ್ಟಿ ಕೂತ ನರ್ಸ್.

"ಯಾಕೆ ಸಿಸ್ಟರ್, ಶುರು ಮಾಡ್ಲಿಲ್ವಾ?"

"ಒಂದು ಬಾಟಲೀಲಿ ಹತ್ತು ಜನರದ್ದು ಇರತ್ತೆ. ಹತ್ತು ಜನ ಸೇರಿದ್ರೆ ಓಪನ್ ಮಾಡ್ತೀನಿ. ನಿಮ್ಮನ್ನೂ ಸೇರಿಸಿ ಒಂಬತ್ತು ಆಯ್ತು."

"ಒಬ್ರು ಕಮ್ಮಿ ಆದ್ರೆ ಏನಮ್ಮಾ? ತೆಗೀರಿ."

"ವೇಸ್ಟ್ ಆದ್ರೆ ಮೇಲಿನವರಿಗೆ ಉತ್ತರ ಕೊಡೋಳು ನಾನು ಸಾರ್. ಲಕ್ಷಗಟ್ಟಲೆ ಎಲ್ಲಿ ಹೋಯ್ತು ಅಂತ ಯಾರೂ ಕೇಳಲ್ಲ. ಒಂದು ತೊಟ್ಟು ಎಲ್ಲಿ ಹೋಯ್ತು ಅಂತ ನನ್ನ ಸಂಬಳ ಹಿಡೀತಾರೆ." ಆಕೆ ಗೋಡೆ ಗಡಿಯಾರ ನೋಡಿದಳು. "ಮಧ್ಯಾಹ್ನ ಪೆಟ್ಟಿಗೆ ವಾಪಸ್ ತಗೊಂಡು ಹೋಗ್ತಾರೆ. ಅಷ್ಟರೊಳಗೆ ಯಾರಾದ್ರೂ ಬಂದ್ರೆ ನಿಮ್ಮ ಪುಣ್ಯ."

ನಿನ್ನೆಯವರೆಗೆ ಸಾವಿರ ಜನಕ್ಕೆ ಹತ್ತು ಡೋಸ್ ಇರಲಿಲ್ಲ. ಇವತ್ತು ಹತ್ತು ಡೋಸಿಗೆ ಹತ್ತನೆಯವನಿರಲಿಲ್ಲ. ಸ್ಟಾಕ್ ಇಲ್ಲ ಎಂದು ಕೇಳಿ ಕೇಳಿ ಬೇಸತ್ತ ಊರು, ಇದೆ ಎಂದರೆ ನಂಬುವುದನ್ನೇ ಬಿಟ್ಟಿತ್ತು.

ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು ಕೋಲು ಕುಟ್ಟಿದಳು. "ಇಲ್ಲಿಂದ ಯಾವನಾದ್ರೂ ಎದ್ದು ಹೋದ್ರೆ ಕಾಲು ಮುರೀತೀನಿ! ಏಯ್ ಕಂಡಕ್ಟರ್, ಜನ ತುಂಬೋದು ನಿನಗೆ ಗೊತ್ತಲ್ಲಪ್ಪಾ. ಒಬ್ಬನ್ನ ಹಿಡ್ಕೊಂಡು ಬಾ."

ಮಾತು ನಾಟಿತು. ಮೂವತ್ತು ವರ್ಷ ಅವರು ಮಾಡಿದ್ದು ಅದನ್ನೇ. ಸೀಟಿಲ್ಲದ ಬಸ್ಸಿಗೂ ಇನ್ನಿಬ್ಬರನ್ನು ತುರುಕಿದ ಕೈ ಅದು. ಹೊರಗೆ ಬಂದು ಪಕ್ಕದ ಮನೆಯ ವಿಮೆ ಏಜೆಂಟನಿಗೆ ಫೋನ್ ಹಚ್ಚಿದರು.

"ಬೇಗ ಬನ್ರೀ. ಶಾಲೆ ಹತ್ರ ಇದೀನಿ. ಹತ್ತು ಜನ ಆದ್ರೆ ಬಾಟಲಿ ಓಪನ್ ಮಾಡ್ತಾರಂತೆ. ಒಬ್ರು ಕಮ್ಮಿ ಬಿದ್ದಿದಾರೆ."

ಆ ಕಡೆಯ ದನಿ ಪಿಸುಮಾತಿಗಿಳಿಯಿತು. "ಬೆಳಿಗ್ಗೆ ಬೆಳಿಗ್ಗೇನಾ?"

"ಮಧ್ಯಾಹ್ನ ವಾಪಸ್ ತಗೊಂಡು ಹೋಗ್ತಾರಂತೆ ಮಾರಾಯ್ರೇ!"

"ಛೆ ಛೆ, ವಾಪಸ್ ಯಾಕೆ ಹೋಗ್ಬೇಕು? ಬಂದೆ, ಬಂದೆ!"

ಬೆಂಕಿ ಆರಿಸುವ ಗಾಡಿಯ ವೇಗದಲ್ಲಿ ಏಜೆಂಟ್ ಬಂದ. ಒಂದು ಕೈಯಲ್ಲಿ ಹುರಿದ ಕಡಲೆಕಾಯಿಯ ಪೊಟ್ಟಣ, ಇನ್ನೊಂದರಲ್ಲಿ ಸೋಡಾ. ನರ್ಸನ್ನು ನೋಡಿ ಅವನ ಮುಖ ಗ್ಯಾಸು ಹೋದ ಸೋಡಾದಂತಾಯಿತು.

"ಈ ಬಾಟಲೀನಾ? ನಂದು ಎರಡೂ ಡೋಸ್ ಆಗಿದೆ ಕಣ್ರೀ! ನೀವು ಸರಿಯಾಗಿ ಹೇಳ್ಬಾರ್ದಾ?"

"ಹತ್ತು ಜನ ಕೂತು ಕುಡಿಯೋಕೆ ಇದೇನು ಬಾರಾ? ಶಾಲೆ ಕಣ್ರೀ!"

"ಅದಕ್ಕೇ ನನಗೂ ಆಶ್ಚರ್ಯ ಆಯ್ತು. ಸರ್ಕಾರ ಕೊನೆಗೂ ಏನೋ ಒಂದು ಒಳ್ಳೇದು ಮಾಡ್ತಿದೆ ಅಂದ್ಕೊಂಡೆ." ತಂದದ್ದನ್ನು ವ್ಯರ್ಥ ಮಾಡಬಾರದೆಂದು ಅವನು ಬಾಗಿಲಲ್ಲೇ ಕೂತು ಕಡಲೆಕಾಯಿ ಬಾಯಿಗೆ ಹಾಕಿಕೊಂಡ, ಜೊತೆಗೆ ಉಪದೇಶ ಬೇರೆ. "ರಸ್ತೇಲಿ ಹೋಗೋರನ್ನ ಕೇಳ್ರೀ. ಧ್ವನಿ ಜೋರಾಗಿ ತೆಗೀರಿ."

ಕಂಡಕ್ಟರ್ ಗೇಟಿನಲ್ಲಿ ನಿಂತು ಕೂಗಿದರು. "ಬನ್ನಿ, ಬನ್ನಿ! ಒಬ್ರೇ ಒಬ್ರು! ಒಬ್ರು ಬಂದ್ರೆ ಹೊರಡೋದೇ!" ತರಕಾರಿಯವನು ಕೇಳಿದ, "ಯಾವ ಕಡೆಗೆ?" ಲಸಿಕೆ ಎಂದ ಕೂಡಲೇ ಗಾಡಿ ತಳ್ಳಿಕೊಂಡು ಹೊರಟೇಬಿಟ್ಟ. "ಸುಳ್ಳು ಹೇಳೋಕೂ ಒಂದು ಮಿತಿ ಇರ್ಬೇಕು ಸಾರ್."

ಗಡಿಯಾರದ ಮುಳ್ಳು ಮಧ್ಯಾಹ್ನವನ್ನು ಮುಟ್ಟಲು ಬಂದಿತ್ತು. ಆಗ ಕಾಂಪೌಂಡಿನ ಮೂಲೆಯಲ್ಲಿ ಒಬ್ಬ ಕಂಡ. ಉಣ್ಣೆ ಟೋಪಿ, ಕಪ್ಪು ಕನ್ನಡಕ, ಒಂದರ ಮೇಲೊಂದು ಎರಡು ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಪರದೆ. ಅದರಲ್ಲಿ ವಿಶೇಷವೇನಿರಲಿಲ್ಲ; ಆ ದಿನಗಳಲ್ಲಿ ಮುಖ ತೋರಿಸಿಕೊಂಡು ಓಡಾಡುವವನ ಮೇಲೆಯೇ ಜನಕ್ಕೆ ಅನುಮಾನ. ಆತ ಒಳಗೆ ಇಣುಕುತ್ತಿದ್ದವನು, ಕಂಡಕ್ಟರನ್ನು ನೋಡಿದ್ದೇ ತಡ, ತಿರುಗಿ ಬಿರಬಿರನೆ ನಡೆಯತೊಡಗಿದ.

ಕಂಡಕ್ಟರನ್ನು ಕಂಡು ಓಡುವವನು ಯಾರು? ಟಿಕೆಟ್ ಇಲ್ಲದವನು. ಮೂವತ್ತು ವರ್ಷದ ಅನುಭವ ಸುಳ್ಳಾದೀತೇ? ಬೆನ್ನಟ್ಟಿ ಹೋಗಿ ರಟ್ಟೆ ಹಿಡಿದರು.

"ಸ್ವಾಮೀ, ಚುಚ್ಚಿಸ್ಕೊಂಡಿದೀರಾ?"

ತಲೆ ಹೌದೆಂಬಂತೆಯೂ ಇಲ್ಲವೆಂಬಂತೆಯೂ ಆಡಿತು.

"ಸೂಜಿ ಅಂದ್ರೆ ಭಯಾನಾ? ಇರುವೆ ಕಚ್ಚಿದಷ್ಟೇ. ನನಗೋಸ್ಕರ ಬನ್ನಿ. ಮೊಮ್ಮಗಳನ್ನ ಇನ್ನೂ ಮುಟ್ಟಿಲ್ಲ ಸ್ವಾಮೀ ನಾನು. ನಾಳೆ ಹೊರಟುಹೋಗ್ತಾಳೆ. ನಮ್ಮ ಬೀಗರು ಬಹಳ ಶಿಸ್ತಿನ ಮನುಷ್ಯ, ಅವರದ್ದೆಲ್ಲ ಮೊದಲೇ ಆಗಿದೆ. ನಿಮ್ಮಿಂದ ನನ್ನದೂ ಆಗ್ಲಿ."

ಆ ಮನುಷ್ಯ ಇನ್ನಷ್ಟು ಜೋರಾಗಿ ಕೊಸರಾಡಿದ. ಕಂಡಕ್ಟರ್ ಬಿಡಲಿಲ್ಲ. ಎಳೆದುಕೊಂಡು ಒಳಗೆ ಬಂದಾಗ ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು. ಅಜ್ಜಿ ಕೋಲನ್ನೇ ಮೇಲಕ್ಕೆತ್ತಿದಳು. ನರ್ಸ್ ಪೆಟ್ಟಿಗೆ ತೆರೆದು, ಬಾಟಲಿಯ ಮುಚ್ಚಳ ಕಿತ್ತಳು. ಹೆಬ್ಬೆರಳಿನಷ್ಟೂ ಇರಲಿಲ್ಲ ಅದು.

ಕಂಡಕ್ಟರಿಗೆ ಹಳೆಯ ಹುರುಪು ಬಂದುಬಿಟ್ಟಿತು. "ಹಾಂ, ಒಬ್ಬೊಬ್ರೇ! ಮುಂದೆ ಹೋಗಿ, ಮುಂದೆ ಹೋಗಿ! ಅಜ್ಜಿಗೆ ದಾರಿ ಬಿಡಿ!"

"ನೀನು ಹೋಗಪ್ಪಾ ಮೊದ್ಲು," ಎಂದಳು ಅಜ್ಜಿ.

"ಕಂಡಕ್ಟರ್ ಯಾವತ್ತೂ ಕೊನೇಗೇ ಹತ್ತೋದು ಅಜ್ಜೀ. ಇಲ್ಲಾಂದ್ರೆ ರೈಟ್ ಹೇಳೋರು ಯಾರು?"

ಹತ್ತನೆಯವನು ಎರಡು ಸಲ ಬಾಗಿಲ ಕಡೆಗೆ ಜಾರಿದ. ಎರಡು ಸಲವೂ ಏಜೆಂಟ್ ಕಾಲು ಅಡ್ಡ ಹಾಕಿದ. ಕೊನೆಗೆ ಕಂಡಕ್ಟರೇ ಅವನನ್ನು ತಮ್ಮ ಮುಂದೆ ನಿಲ್ಲಿಸಿಕೊಂಡು, ಮಗುವಿಗೆ ಮಾಡಿದಂತೆ ಅಂಗಿಯ ತೋಳು ಮಡಚಿ, ಬೆನ್ನು ಸವರಿ ಚುಚ್ಚಿಸಿದರು. ಆಮೇಲೆ ಅಂಗಿಯ ಗುಂಡಿ ಬಿಚ್ಚುತ್ತ ತಾವು ಕುರ್ಚಿಯಲ್ಲಿ ಕೂತರು. ಭುಜ ತೆರೆದರು. ಮಗು ಒರಗಿಕೊಳ್ಳುತ್ತದೆ ಎಂದು ಹೆಂಡತಿ ಹೇಳಿದ್ದ ಭುಜ.

ನರ್ಸ್ ಬಾಟಲಿಯನ್ನು ತಲೆಕೆಳಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳಿನಿಂದ ತಟ್ಟಿದಳು. ಮತ್ತೆ ಹಿಡಿದಳು.

"ಮುಗೀತು ಸಾರ್."

"ಏನು ಮುಗೀತು?"

"ಕೆಲವು ಬಾಟಲೀಲಿ ಹನ್ನೊಂದು ಬರತ್ತೆ. ಕೆಲವದ್ರಲ್ಲಿ ಒಂಬತ್ತೇ."

"ಹತ್ತು ಅಂತ ಬರೆದಿದೆಯಲ್ಲಮ್ಮಾ!"

"ಬರೆದಿರೋದೆಲ್ಲ ಒಳಗೆ ಇರತ್ತಾ ಸಾರ್?" ಆಕೆಯ ದನಿಯಲ್ಲಿ ಒರಟುತನವಿರಲಿಲ್ಲ, ದಣಿವಿತ್ತು. "ಇನ್ನೊಂದು ಬಾಟಲಿ ಇದೆ. ಒಂಬತ್ತು ಜನ ಕರ್ಕೊಂಡು ಬನ್ನಿ, ಈಗಲೇ ತೆಗೀತೀನಿ."

ಅಷ್ಟರಲ್ಲಿ ಪೆಟ್ಟಿಗೆ ಒಯ್ಯುವ ಗಾಡಿ ಗೇಟಿನಲ್ಲಿ ಹಾರನ್ ಹೊಡೆಯಿತು.

ಕಂಡಕ್ಟರ್ ಅಂಗಿಯನ್ನು ಭುಜಕ್ಕೆ ಏರಿಸಲೂ ಮರೆತು ಪಕ್ಕದ ಕೋಣೆಗೆ ಬಂದರು. ಚುಚ್ಚಿಸಿಕೊಂಡವರು ಸ್ವಲ್ಪ ಹೊತ್ತು ಅಲ್ಲಿ ಕೂರಬೇಕು. ಆ ಹತ್ತನೆಯವನು ಬೆವೆತು ಬೆಂಚಿನ ಮೇಲೆ ಓಲಾಡುತ್ತಿದ್ದ. "ತಲೆ ಸುತ್ತು ಬಂದಿದೆ, ಗಾಳಿ ಬಿಡಿ!" ಎನ್ನುತ್ತ ಏಜೆಂಟ್ ಈರುಳ್ಳಿ ಸುಲಿದಂತೆ ಅವನ ಪರದೆ, ಕನ್ನಡಕ, ಟೋಪಿ, ಎರಡು ಮಾಸ್ಕು, ಒಂದೊಂದಾಗಿ ಕಿತ್ತು, ಬಾಯಿಗೆ ಸೋಡಾ ಹಿಡಿದ.

ಕೊನೆಯ ಸಿಪ್ಪೆ ಹೋದಾಗ ಒಳಗಿದ್ದವರು ಬೀಗರು.

"ನೀವಾ!" ಎಂದರು ಕಂಡಕ್ಟರ್. "ನಿಮ್ಮದು ಯಾವತ್ತೋ ಆಗಿದೆ ಅಂದಿದ್ರಲ್ಲ!"

ಬೀಗರು ಸೋಡಾ ನುಂಗಿ ಸಾವರಿಸಿಕೊಂಡರು. "ಹೇಳೋದು ಮೊದ್ಲು ಆಗಿತ್ತು ಬೀಗ್ರೇ. ಮಾಡೋದು ಇವತ್ತಾಯ್ತು. ಸರ್ಕಾರದ್ದೂ ಹಾಗೇ ತಾನೆ? ನಮ್ಮ ಕಡೆ ಯಾರಾದ್ರೂ ನೋಡಿಬಿಡ್ತಾರೆ ಅಂತ ಇಷ್ಟು ದೂರ ಬಂದೆ."

"ಮೂರು ತಿಂಗಳು ಮಗೂನ ಎತ್ತಾಡಿಸಿದೀರಿ! ನನ್ನನ್ನ ಗೇಟಲ್ಲಿ ನಿಲ್ಲಿಸಿದೀರಿ!"

"ಮೆತ್ತಗೆ, ಮೆತ್ತಗೆ. ಇದು ನಮ್ಮಿಬ್ಬರಲ್ಲೇ ಇರ್ಲಿ. ನಿಮ್ಮ ಮಗಳೂ ನಮ್ಮನೇಲಿ ಮಾನವಾಗಿ ಇರ್ಬೇಕಲ್ವಾ." ಬೀಗರು ಕನ್ನಡಕ ಏರಿಸಿದರು, ಮಾಸ್ಕುಗಳನ್ನು ಒಂದರ ಮೇಲೊಂದು ಕಟ್ಟಿಕೊಂಡರು. ಕಂಡಕ್ಟರರ ಬರಿಯ ಭುಜವನ್ನು ನೋಡಿ ಅವರ ಹುಬ್ಬು ಗಂಟಿಕ್ಕಿತು.

"ನಿಮ್ಮದು ಆಗ್ಲಿಲ್ವಾ?"

"ಇಲ್ಲ."

ಬೀಗರು ಬೆಂಚಿನ ಆ ತುದಿಗೆ ಸರಿದು ಕೂತರು.

"ಹಾಗಾದ್ರೆ ತಪ್ಪು ತಿಳ್ಕೋಬೇಡಿ ಬೀಗ್ರೇ, ಸ್ವಲ್ಪ ದೂರ ನಿಂತ್ಕೊಳ್ಳಿ. ಮನೇಲಿ ಪುಟ್ಟ ಮಗು ಇದೆ."