ಯಜಮಾನರ ಪಾಲಿನ ಮೈಸೂರುಪಾಕು

ಡಯಾಲಿಸಿಸ್ ವಾರ್ಡಿನ್ಯಾಗ ನಗು ಎಲ್ಲಿಂದ ಬರಬೇಕು ಅಂತೀರೇನು? ಬರ್ತದರೀ, ಬ್ಯಾಡಂದ್ರೂ ಬರ್ತದ. ನಾ ಧಾರವಾಡದಾಕಿ, ಮುಂಬೈದ ಚೆಂಬೂರಿನ ಒಂದು ದವಾಖಾನಿಯೊಳಗ ನರ್ಸ್. ಉಡುಪಿ ಕಡೆಯ ಹೋಟೆಲ್ ಯಜಮಾನರೊಬ್ಬರು ನಮ್ಮ ಪೇಶಂಟು. ಸಕ್ಕರೆ ಕಾಯಿಲೆಯಿಂದ ಅವರ ಎರಡೂ ಕಿಡ್ನಿ ಹೋಗಿದ್ವು. ಹೆಂಡತಿ ತಮ್ಮದೊಂದು ಕೊಡ್ತೀನಂತ ಹಟ ಹಿಡಿದಿದ್ರು, ಟೆಸ್ಟೆಲ್ಲಾ ಪಾಸೂ ಆಗಿದ್ರು. ನೆನೆಸಿಕೊಂಡ್ರ ಈಗೂ ಸಂಕಟ ಆಗ್ತದ.

೧. ರುಚಿ ನೋಡೋದು

ನೀರು ಅಳೆದು ಕುಡೀರಿ ಅಂತ ಡಾಕ್ಟರ್ ಹೇಳಿದ್ರೂ ಬಂದಾಗೊಮ್ಮೆ ಯಜಮಾನರ ತೂಕ ಏರಿರ್ತಿತ್ತು.

"ನೀರು ಕುಡದೀರೇನ್ರಿ?"

"ಒಂದು ಹನಿ ಇಲ್ಲ ಸಿಸ್ಟರ್, ದೇವರಾಣೆ."

"ಮತ್ತ ಸಾಂಬಾರ? ಕಾಫಿ?"

"ಅದು ಕುಡಿದದ್ದಲ್ಲ, ರುಚಿ ನೋಡಿದ್ದು. ಯಜಮಾನ ನೋಡದೆ ಗಿರಾಕಿಗೆ ಬಡಿಸ್ಲಿಕ್ಕೆ ಉಂಟಾ?"

"ಎಷ್ಟ್ ನೋಡ್ತೀರಿ?"

"ಸರಿ ಉಂಟು ಅಂತ ಗೊತ್ತಾಗುವವರೆಗೆ."

೨. ಕರಿಬೇವು

ಅಷ್ಟರೊಳಗ ಸ್ಕ್ಯಾನಿನ್ಯಾಗ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಉಬ್ಬಿದ್ದು ಕಂಡ್ತು. ಮೊದಲು ಅದರ ಆಪರೇಶನ್, ಆಮ್ಯಾಲ ಕಿಡ್ನಿ ಅಂದ್ರು ದೊಡ್ಡ ಡಾಕ್ಟರು. ಕಿಡ್ನಿ ಹೋದವರಿಗೆ ಈ ನಾಳ ಯಾಕ ಕೆಡ್ತದ ಅಂತ ಸಂಶೋಧನೆ ಮಾಡ್ತಿದ್ದ ಸಣ್ಣ ಡಾಕ್ಟರೊಬ್ಬರು ಓಡಿ ಬಂದು, "ನಿಮ್ಮ ರಕ್ತ, ಸ್ಕ್ಯಾನು ನಮಗ ಕೊಡ್ತೀರೇನು?" ಅಂತ ಹಿಂದಿಯೊಳಗ ಕೇಳಿದ್ರು. ನಾ ಕನ್ನಡಕ್ಕ ತಿರುಗಿಸಿ ಹೇಳಿದೆ.

"ನನಗೆಂತ ಲಾಭ?" ಅಂದ್ರು ಯಜಮಾನ್ರು.

ಆ ಹುಡುಗ ಪ್ರಾಮಾಣಿಕ. "ನಿಮಗ ಬಹುಶಃ ಏನೂ ಇಲ್ಲ. ಮುಂದ ಬರೋ ಪೇಶಂಟರಿಗೆ ಇರಬಹುದು."

"ಅಂದ್ರೆ ನಾನು ಕರಿಬೇವು. ಘಮ ನಂದು, ಊಟ ಬೇರೆಯವರದ್ದು. ತಕೊಳ್ಳಿ ಮಾರಾಯ್ರೆ, ಆದ್ರೆ ಪ್ಲೇಟಿನ ಬದಿಗೆ ತೆಗೆದಿಡಬೇಡಿ!"

೩. ಮೊದಲ ಪಾಲು

ಆಪರೇಶನ್ ಛಲೋ ಆತು. ಹೋಟೆಲಿನ ಕಡೆ ತಲೆ ಹಾಕಬ್ಯಾಡ್ರಿ, ಕೆಲವು ತಿಂಗಳು ಮನ್ಯಾಗ ಸುಮ್ನ ಕೂಡ್ರಿ ಅಂದ್ರು. ಕಡೀಕೆ ಕಿಡ್ನಿ ಹಾಕೋ ಹೊತ್ತು ಬಂತು, ಹೆಂಡತಿಗೆ ಮತ್ತ ಟೆಸ್ಟ್ ಮಾಡಿದ್ರು. ಅವರಿಗೂ ಸಕ್ಕರೆ ಕಾಯಿಲೆ! ಈ ಕಿಡ್ನಿ ತಗೊಳ್ಳಾಕ ಬರೂದಿಲ್ಲ ಅಂದುಬಿಟ್ರು ಡಾಕ್ಟರು.

ನನಗ ಸಿಟ್ಟು ನೆತ್ತಿಗೇರಿತು. ಯಜಮಾನರು ಮಶೀನಿಗೆ ಮಲಗಿದ್ರು, ಅವರ ಮುಂದನ ಕೇಳಿದೆ. "ಅಕ್ಕಾ, ಏನ್ ತಿಂದ್ರಿ ಇಷ್ಟು ದಿನ?"

ಪಾಪ, ಅತ್ತುಬಿಟ್ರು. ಅವರ ಹೋಟೆಲಿನ್ಯಾಗ ಮೈಸೂರುಪಾಕು, ಹಲ್ವಾ ಏನ ಮಾಡಿದ್ರೂ ಮೊದಲ ಪಾಲು ಯಜಮಾನರ ಮನೆಗೆ ಹೋಗೋದು ಪದ್ಧತಿ. "ಕಳಿಸಬೇಡಿ ಅಂದ್ರೆ ಇವರಿಗೆ ಬೇಜಾರಾಗ್ತದೆ, ನಾನಿನ್ನು ಯಜಮಾನ ಅಲ್ಲ ಅಂತ. ಇಟ್ರೆ ಇವರು ತಿಂತಾರೆ. ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ. ಅದಕ್ಕೆ ಅಡುಗೆಮನೆ ಬಾಗಿಲು ಹಾಕಿ ನಾನೇ ತಿಂದೆ."

ಯಾವ ಬಾಯಿಂದ ಬೈಲಿ? ಯಜಮಾನರು ಹೆಂಡತಿ ಕಡೆ ಹೊರಳಿದ್ರು. ಆಮ್ಯಾಲ ಮೆಲ್ಲಗೆ, "ರುಚಿಯಾದ್ರೂ ಇತ್ತಾ?" ಅಂದ್ರು.

ಅಕ್ಕ ಮೂಗು ಒರೆಸಿಕೊಂಡ್ರು. "ಎಂತ ರುಚಿ! ನೀವು ಹೋಟೆಲಿಗೆ ಹೋಗುದು ನಿಂತ ಮೇಲೆ ಅಡುಗೆಯವರು ತುಪ್ಪವೇ ಹಾಕುದಿಲ್ಲ."

"ಎಂತ?! ಸಿಸ್ಟರ್, ಫೋನ್ ಕೊಡಿ!"

ಸೂಜಿ ಚುಚ್ಚಿದ ಅವರ ಕೈ ಗಟ್ಟಿಯಾಗಿ ಹಿಡಕೊಂಡು ನಿಂತೆ. ಕಿಡ್ನಿ ತಪ್ಪಿದ್ದಕ್ಕ ಒಂದು ಮಾತಾಡದ ಮನಷ್ಯಾ, ತುಪ್ಪಕ್ಕ ಇಡೀ ವಾರ್ಡಿಗೆ ಕೇಳೂಹಂಗ ಒದರಿದ್ರು.