ಅತ್ತೆಗೆ ಕಳಿಸಿದ ರಕ್ತಪಿಶಾಚಿ

ಓದುವ ಅತ್ತೆ ಯಾವ ಅಳಿಯನಿಗೂ ಬೇಡ. ಬೈಯುವ ಅತ್ತೆಯಾದರೆ ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳಬಹುದು. ಅಳುವ ಅತ್ತೆಯಾದರೆ ಹೆಂಡತಿಯನ್ನು ಮುಂದೆ ಬಿಟ್ಟು ಹಿಂದೆ ಸರಿಯಬಹುದು. ಓದುವ ಅತ್ತೆ ಪ್ರಶ್ನೆ ಕೇಳುತ್ತಾರೆ!

ನನ್ನ ಅತ್ತೆ ನೀಲಾಬಾಯಿಯವರು ಅಕ್ಕಲಕೋಟದವರು. ಏಳನೇ ಇಯತ್ತೆಗೆ ಕನ್ನಡ ಸಾಲಿ ಬಿಡಿಸಿದ ಸಿಟ್ಟನ್ನು ಅರವತ್ತೆಂಟನೇ ವಯಸ್ಸಿನಲ್ಲೂ ಓದಿ ಓದಿ ತೀರಿಸಿಕೊಳ್ಳುತ್ತಿದ್ದಾರೆ. ಶೇಂಗಾ ಕಟ್ಟಿಕೊಟ್ಟ ಕಾಗದ, ಔಷಧಿ ಬಾಟಲಿಯ ಚೀಟಿ, ಹಳೆಯ ಲಗ್ನಪತ್ರಿಕೆ, ಏನು ಸಿಕ್ಕರೂ ಕನ್ನಡಕ ಏರಿಸಿಬಿಡುತ್ತಾರೆ. ಅಂಥವರಿಗೆ ಪುಸ್ತಕ ಪೂರೈಸುವ ಗುತ್ತಿಗೆ ಸೊಲ್ಲಾಪುರದಲ್ಲಿರುವ ನನ್ನದು. ಯಾಕೆಂದರೆ ನಾನು ಆ ಮನೆಯ ಹಿರಿಯ ಅಳಿಯ, ಮೇಲಾಗಿ ಓದಿದವನು.

'ಓದಿದವನು' ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. (ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳುವಂಥದ್ದಲ್ಲ.) ನವಿ ಪೇಠದಲ್ಲಿ ನನ್ನದೊಂದು ಬ್ಲೌಜ್ ಪೀಸಿನ ಅಂಗಡಿ. ಗಿರಾಕಿ ಇಲ್ಲದಾಗ ಕೈಯಲ್ಲೊಂದು ದಪ್ಪ ಪುಸ್ತಕ ಹಿಡಿದು ಕೂರುವುದು ರೂಢಿ. ಮೊದಲ ಪುಟ ಓದುತ್ತೇನೆ, ಕೊನೆಯ ಪುಟ ಓದುತ್ತೇನೆ, ನಡುವೆ ನಿದ್ದೆ ಮಾಡುತ್ತೇನೆ. ಹದಿನೆಂಟು ವರ್ಷಗಳ ಹಿಂದೆ ಹೆಣ್ಣು ನೋಡಲು ಹೋದಾಗಲೂ ಕಂಕುಳಲ್ಲಿ ಒಂದು ಪುಸ್ತಕವಿತ್ತು. ಅದನ್ನು ನೋಡಿಯೇ ಅತ್ತೆ ಮಗಳನ್ನು ಕೊಟ್ಟರು. ಆ ಮಗಳು ಸುವರ್ಣಾ ಮಾತ್ರ ಮದುವೆಯಾದ ಎಂಟೇ ದಿನಕ್ಕೆ ನನ್ನ ಪಾಂಡಿತ್ಯದ ತಳ ಮುಟ್ಟಿ ನೋಡಿದಳು.

ಕಿರಿಯ ಅಳಿಯ, ಅಂದರೆ ನನ್ನ ಷಡ್ಡಕ ಶೈಲೇಶ, ದುಧನಿಯಲ್ಲಿ ತೊಗರಿ ವ್ಯಾಪಾರಿ. ಅವನು ಜನ್ಮದಲ್ಲಿ ಓದಿದ್ದೆಂದರೆ ತೊಗರಿಯ ಪೇಟೆ ಧಾರಣೆ ಒಂದೇ. ಆದರೆ ಅವನಿಗೆ ಕಾರಿದೆ, ಎರಡಂತಸ್ತಿನ ಮನೆಯಿದೆ, ತಲೆಯ ತುಂಬ ಕೂದಲಿದೆ. ನನಗಿರುವುದು ಓದು ಒಂದೇ. ಅತ್ತೆಮನೆಯಲ್ಲಿ ಮೊದಲ ಮಣೆ, ಮೊದಲ ತಾಟು ನನಗೆ ಸಿಗುತ್ತಿದ್ದದ್ದು ಅದರ ಬಲದಿಂದಲೇ.

ಈ ಸಲವಂತೂ ಅಧಿಕ ಮಾಸ ಬಂದಿತ್ತು. ನಮ್ಮ ಕಡೆ ಅದನ್ನು ಧೋಂಡೆ ಮಹಿನಾ ಅನ್ನುತ್ತಾರೆ, ಅಳಿಯಂದಿರ ಪಾಲಿನ ಸುಗ್ಗಿ. ಮೂರು ವರ್ಷಕ್ಕೊಮ್ಮೆ ಅಳಿಯನನ್ನು ಮನೆಗೆ ಕರೆದು, ಹೂರಣ ತುಂಬಿದ ಧೋಂಡೆ ಉಣ್ಣಿಸಿ, ಅನಾರಸ ಎಂಬ ಅಕ್ಕಿಹಿಟ್ಟಿನ ಸಿಹಿತಿಂಡಿ ಮೂವತ್ಮೂರು ಜೋಡಿಸಿದ ತಾಟಿನಲ್ಲಿ ದೀಪ ಇಟ್ಟು ಕೊಡುತ್ತಾರೆ. ಹಿರಿಯ ಅಳಿಯನಿಗೆ ಬೆಳ್ಳಿ ದೀಪ, ಕಿರಿಯನಿಗೆ ಹಿತ್ತಾಳೆ ದೀಪ ಎಂದು ಅಕ್ಕಲಕೋಟದಿಂದ ಸುದ್ದಿ ಬಂದಾಗ ನಾನು ಶೈಲೇಶನಿಗೆ ಫೋನ್ ಮಾಡಿ, ಹಿತ್ತಾಳೆ ತಿಕ್ಕಲು ಹುಣಸೆಹಣ್ಣು ಒಳ್ಳೆಯದೆಂದು ತಿಳಿಸಿದೆ.

ಇದ್ದ ಭಯ ಒಂದೇ, ಅತ್ತೆಯ ಪ್ರಶ್ನೆಗಳು. ಹಿಂದಿನ ತಿಂಗಳು ಕಳಿಸಿದ ಒಂದು ಸಂಸಾರದ ಕಾದಂಬರಿ ಮುಗಿಸಿ ಫೋನ್ ಮಾಡಿದ್ದರು.

"ಅಳ್ಯಾರ, ಆ ಸೊಸಿ ಸಿಟ್ಟಿಲೆ ತವರಮನಿಗಿ ಹೊಂಟಳಲ್ರಿ, ಹೋಗಬೇಕಿತ್ತೋ ಬ್ಯಾಡೋ? ನೀವೇನಂತೀರಿ?"

"ಆಕಿ ಮಾಡಿದ್ದು ಬರೋಬ್ಬರಿ ಐತ್ರಿ ಅತ್ತಿಯವರ. ಈಗ ಆರಾಮ ಇದ್ದಾಳಲ್ಲ!"

"ದಾರ್ಯಾಗ ಬಾವಿಗಿ ಬಿದ್ದು ಸತ್ತಳಲ್ರಿ!"

"ಅದಕ್ಕ ಅಂದ್ನಿ, ಎಲ್ಲಾ ತ್ರಾಸಿನಿಂದ ಪಾರಾಗಿ ಆರಾಮ ಆದಳಂತ," ಎಂದು ಹೇಗೋ ಬಾವಿಯಿಂದ ಮೇಲೆ ಬಂದೆ.

ಅಂದೇ ನನಗೊಂದು ಮಹಾನ್ ವಿಚಾರ ಹೊಳೆಯಿತು. ಯಾವ ಪುಸ್ತಕ ಓದಿದರೆ ಓದುವ ಚಟವೇ ಬಿಟ್ಟುಹೋಗುತ್ತದೋ ಅಂಥದ್ದನ್ನೇ ಕಳಿಸಬೇಕು. ನನ್ನ ಅಂಗಡಿಯ ಪಕ್ಕದಲ್ಲಿ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಮರೆಪ್ಪ ಅಂಗಡಿ ಮುಚ್ಚುತ್ತಿದ್ದ. ಅವನ ಹತ್ತಿರ ರಕ್ತಪಿಶಾಚಿಯ ಕಾದಂಬರಿಗಳು ಮೂರು ಉಳಿದಿದ್ದವು. "ಒಯ್ರಿ ಸಿದ್ಧರಾಮಣ್ಣಾ, ಇವನ್ನ ಒಬ್ಬರೂ ಮುಟ್ಟಿಲ್ಲ," ಎಂದು ಕೈಗೆ ತುರುಕಿದ.

ರಕ್ತಪಿಶಾಚಿಯ ಕಾದಂಬರಿ ಎಂದರೆ ನನಗೆ ಮೊದಲಿನಿಂದಲೂ ತಿರಸ್ಕಾರ. (ಓದದೆ ತಿರಸ್ಕರಿಸುವುದು ಪಂಡಿತರ ಲಕ್ಷಣ, ಓದಿ ತಿರಸ್ಕರಿಸಲು ಯಾರಿಗೆ ಬರುವುದಿಲ್ಲ?) ಸತ್ತವನು ಮರ್ಯಾದೆಯಿಂದ ಸತ್ತಿರಬೇಕು. ಎದ್ದು, ಅಂಗಿ ಹಾಕಿಕೊಂಡು, ಮಂದಿಯ ಕುತ್ತಿಗೆಗೆ ಬಾಯಿ ಹಾಕುತ್ತ ತಿರುಗುವುದೆಂದರೇನು? ನಮ್ಮ ಸೊಲ್ಲಾಪುರದ ಸೊಳ್ಳೆಗಳು ಇದೇ ಕೆಲಸವನ್ನು ದಿನಾ ಮಾಡುತ್ತವೆ. ಅವುಗಳ ಮೇಲೆ ಯಾರಾದರೂ ಮುನ್ನೂರು ಪುಟ ಬರೆದಿದ್ದಾರೆಯೇ? ಎಂಟು ಪುಟ ಓದುವಷ್ಟರಲ್ಲಿ ಅತ್ತೆ ಪುಸ್ತಕವನ್ನು ಒಲೆಗೆ ಹಾಕಿ ಟಿವಿ ಮುಂದೆ ಕೂರುವುದು ಖಂಡಿತ ಎಂದುಕೊಂಡೆ.

"ನೀವ ಓದಿರಲಾರದ ಪುಸ್ತಕಾ ಮಂದಿಗಿ ಕೊಡಬ್ಯಾಡ್ರಿ," ಎಂದಳು ಸುವರ್ಣಾ.

"ನಾ ಹೊದಿಕಿ ನೋಡಿದ್ರ ಸಾಕು, ಒಳಗಿಂದೆಲ್ಲಾ ತಿಳೀತೈತಿ."

"ಹೌದ್ಹೌದು. ನನ್ನೂ ಹಂಗ ನೋಡಿ ಲಗ್ನಾ ಆದ್ರಿ. ಏನು ತಿಳೀತು?"

ನಾನು ನನ್ನ ಘನತೆ ಕಾಪಾಡಿಕೊಂಡು ಪುಸ್ತಕ ಕಟ್ಟಲು ಕೂತೆ. ಮೂರರಲ್ಲಿ ಎಲ್ಲಕ್ಕಿಂತ ದಪ್ಪನೆಯದು 'ಹಳೇ ವಾಡೆಯ ಜಹಗೀರದಾರ'. ಹೊದಿಕೆಯ ಮೇಲ್ಭಾಗದಲ್ಲಿ ಕೋರೆಹಲ್ಲಿನ ಒಂದು ಬಾವಲಿ, ಕೆಳಗೆ ಜರಿ ರುಮಾಲು ಸುತ್ತಿ, ಶಾಲು ಹೊದ್ದು ನಿಂತ ಎತ್ತರದ ಜಹಗೀರದಾರ. ಬಾವಲಿ ಪಿಶಾಚಿ, ಜಹಗೀರದಾರ ಅದನ್ನು ಕೊಲ್ಲುವ ವೀರ. ಇದಕ್ಕೆ ಓದಬೇಕೇ? 'ತಮ್ಮಂಥ ರಸಿಕರು ಓದಲೇಬೇಕಾದ ಕೃತಿ' ಎಂದು ಬರೆದ ಚೀಟಿಯನ್ನು ಅದರಲ್ಲಿಟ್ಟು ಮೂರನ್ನೂ ಅಕ್ಕಲಕೋಟಕ್ಕೆ ಕಳಿಸಿದೆ.

ನಾಲ್ಕನೇ ದಿನ ಫೋನ್ ಬಂತು. ಮೂರೂ ಮುಗಿದಿದ್ದವು!

"ಎಂಥಾ ಪಿಶಾಚಿರಿ ಅಳ್ಯಾರ ಅದು! ಮುನ್ನೂರು ವರ್ಷ ಬದುಕೇತಿ, ಒಂದು ರೊಟ್ಟಿ ಬಡಿಯೂದು ಕಲ್ತಿಲ್ಲ. ಮಂದಿ ಮನಿ ಮುಂದ ನಿಂತು, ಕರೀರಿ, ಕರೀರಿ ಅಂತೈತಿ. ನಾಚಿಕಿ ಬ್ಯಾಡೇನು?"

"ಛೇ ಛೇ, ಹಲಕಟ್ ಪಿಶಾಚಿ," ಎಂದೆ.

"ಆ ಜಹಗೀರದಾರನ ಬಗ್ಗೆ ಏನಂತೀರಿ ಮತ್ತ?"

ಸದ್ಯ, ಹೊದಿಕೆಯ ಮೇಲಿದ್ದವನನ್ನೇ ಕೇಳಿದರು! ನನಗೆ ಹುರುಪು ಬಂತು.

"ಏನು ಹೇಳ್ಲಿರಿ ಅತ್ತಿಯವರ! ಅಂಥಾ ಮನಷ್ಯಾ ಈಗಿನ ಕಾಲದಾಗ ಸಿಗೂದಿಲ್ಲ. ಓದಕೋತ ಓದಕೋತ ನನ್ನ ನಾನ ಕಂಡಂಗಾತು. ಅವನ ಸ್ವಭಾವ, ನನ್ನ ಸ್ವಭಾವ ಎರಡೂ ಒಂದ. ಅವಂಗ ಒಗ್ಗದ್ದು ನನಗೂ ಒಗ್ಗೂದಿಲ್ಲ."

ಆ ಕಡೆ ಸರಸರ ಪುಟ ತಿರುವುವ ಸದ್ದು ಕೇಳಿಸಿತು. ನನ್ನ ವಿಮರ್ಶೆ ಕೇಳಿ ಅತ್ತೆ ಬೆರಗಾಗಿದ್ದಾರೆಂದು ತಿಳಿದೆ.

"ಹಂಗೇನ್ರಿ?" ಎಂದರು ಕಡೆಗೆ. "ಚಲೋ ಆತು ಹೇಳಿದ್ದು. ಧೋಂಡೆಕ್ಕ ಬರ್ರಿ, ಎಲ್ಲಾ ಹಂಗ ಸಜ್ಜು ಮಾಡತೀನಿ."

ಧೋಂಡೆಯ ದಿನ ಸುಡುವ ಮಧ್ಯಾಹ್ನದಲ್ಲಿ ನಾವೂ ಶೈಲೇಶನ ಮನೆಯವರೂ ಒಟ್ಟಿಗೇ ಅಕ್ಕಲಕೋಟ ಮುಟ್ಟಿದೆವು. ಶೈಲೇಶ ಕಾಲಿಗೆ ನೀರು ಸುರುವಿಕೊಂಡು ಸೀದಾ ಒಳಗೆ ನಡೆದ. ನಾನು ಹೊಸ್ತಿಲ ಹತ್ತಿರ ಬಂದದ್ದೇ ಅತ್ತೆ ಕೈ ಅಡ್ಡ ಹಿಡಿದರು.

"ನಿಲ್ರಿ ಅಳ್ಯಾರ! ನಾ ಬಾಯಿಬಿಟ್ಟು ಕರಿಯೂ ತನಕಾ ಬರಬ್ಯಾಡ್ರಿ." ಆಮೇಲೆ ಓಣಿಗೆಲ್ಲ ಕೇಳುವಂತೆ, "ಒಳಗ ಬರ್ರಿ, ಒಳಗ ಬರ್ರಿ, ಒಳಗ ಬರ್ರಿ!" ಎಂದು ಮೂರು ಸಲ ಕೂಗಿದರು.

ಎಂಥ ಗೌರವ! ಶೈಲೇಶನನ್ನು ಒಂದು ಸಲವೂ ಕರೆದಿರಲಿಲ್ಲ. ಅವನತ್ತ ಒಂದು ಕನಿಕರದ ನೋಟ ಬೀರಿ ಒಳಗೆ ಹೋದೆ. ಅವನನ್ನು ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಎಲ್ಲರ ಜೊತೆ ಕೂರಿಸಿ, ನನ್ನನ್ನು ಮಾತ್ರ ಒಳಗಿನ ಕಾಳಿನ ಕೋಣೆಗೆ ಕರೆದೊಯ್ದರು. ಕಿಟಕಿಗಳಿಗೆಲ್ಲ ದಪ್ಪ ಚಾದರ ಹೊದಿಸಿ ಗವ್ವೆನ್ನುವ ಕತ್ತಲೆ ಮಾಡಿದ್ದರು. "ನಿಮಗ ಬಿಸಲು ಆಗೂದಿಲ್ಲಲ್ರಿ," ಎಂದರು. ನನ್ನ ಬೋಳುತಲೆಯ ಮೇಲೆ ಎಷ್ಟು ಕಾಳಜಿ ಎಂದು ಮನಸ್ಸು ತುಂಬಿಬಂತು. ತಲೆ ಬಾಚಿಕೊಳ್ಳಲು ಕನ್ನಡಿ ಕೇಳಿದೆ. (ಮೂರು ಬದಿಗೆ ಇನ್ನೂ ಇದೆ, ಬಾಚಬೇಕಾಗುತ್ತದೆ.) "ನಿಮಗ್ಯಾಕ ಬೇಕ್ರಿ ಕನ್ನಡಿ!" ಎಂದರು. ರೂಪವಂತನಿಗೆ ಕನ್ನಡಿ ಯಾಕೆಂದು ನಾನೇ ಅರ್ಥ ಮಾಡಿಕೊಂಡೆ. ಕುಡಿಯಲು ಶೈಲೇಶನಿಗೆ ಮಜ್ಜಿಗೆ, ನನಗೆ ಉದ್ದನೆಯ ಗ್ಲಾಸಿನ ತುಂಬ ಕೆಂಪು ಕೆಂಪು ದಾಳಿಂಬೆ ರಸ! ನಾನು ಕುಡಿಯುವಾಗ ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಗಂಡನ ಭಾಗ್ಯ ಕಂಡು ಅಳು ಬಂದಿರಬೇಕು ಪಾಪ.

ಊಟಕ್ಕೆ ಪಡಸಾಲೆಗೆ ಬಂದು ಕೂತಾಗ ಮೊದಲ ಸಂಶಯ ಬಂತು. ಅತ್ತೆ ಕುಟ್ಟುವ ಶೇಂಗಾ ಚಟ್ನಿಗೆ ಬೆಳ್ಳುಳ್ಳಿಯ ಘಮ ಇರುತ್ತದಲ್ಲ, ಅದಕ್ಕಾಗಿ ನಾನು ಧೋಂಡೆಯನ್ನು ಬೇಕಾದರೂ ಬಿಟ್ಟೇನು. ಆ ಚಟ್ನಿ ಶೈಲೇಶನ ತಾಟಿನಲ್ಲಿ ಗುಡ್ಡದಂತೆ ಬಿತ್ತು. ನನ್ನ ತಾಟಿಗೆ ಬಂದದ್ದು ಬೀಟ್‌ರೂಟ್ ಪಲ್ಯ.

"ಅತ್ತಿಯವರ, ಚಟ್ನಿ..."

"ನಿಮಗೆಲ್ಲಿ ಒಗ್ಗತೈತಿ ಬಿಡ್ರಿ!"

ಊಟವಾಯಿತು. ಅನಾರಸದ ತಾಟುಗಳು ಬಂದವು. ಎರಡು ದೀಪಗಳಲ್ಲಿ ಬೆಳ್ಳಿಯದು ಥಳಥಳ ಹೊಳೆಯುತ್ತಿತ್ತು. ನಾನು ಎರಡೂ ಕೈ ಮುಂದೆ ಚಾಚಿದೆ. ಅದು ನನ್ನ ಕೈಗಳನ್ನು ದಾಟಿಕೊಂಡು ಹೋಗಿ ಶೈಲೇಶನ ಉಡಿಯಲ್ಲಿ ಕೂತಿತು!

ತಡೆಯಲಾಗಲಿಲ್ಲ. "ಇದೇನು ಅನ್ಯಾಯ ಅತ್ತಿಯವರ! ಹಿರೇ ಅಳಿಯಾ ಯಾರು, ನಾನೋ ಅವನೋ?"

ಅತ್ತೆ ಶಾಂತವಾಗಿ ಕನ್ನಡಕ ಏರಿಸಿದರು. "ಸಿಟ್ಟಾಗಬ್ಯಾಡ್ರಿ. ಆ ಜಹಗೀರದಾರಗ ಬೆಳ್ಳಿ ಮುಟ್ಟಿದ್ರ ಮೈ ಸುಡತೈತಿ. ಬಳ್ಳೊಳ್ಳಿ ವಾಸನಿ ಬಂದ್ರ ಓಡಿಹೋಗ್ತಾನ. ಬಿಸಲಿಗಿ ಬಂದ್ರ ಬೂದಿ ಆಗ್ತಾನ. ಕನ್ನಡ್ಯಾಗ ಅವನ ಮಾರಿ ಕಾಣೂದಿಲ್ಲ. ಬಾಯಿಬಿಟ್ಟು ಕರೀಲಿಲ್ಲಂದ್ರ ಹೊಸ್ತಿಲಾ ದಾಟೂದಿಲ್ಲ. ಅವಂಗ ಒಗ್ಗದ್ದು ನಿಮಗೂ ಒಗ್ಗೂದಿಲ್ಲಂತ ನೀವ ಹೇಳೀರಲ್ರಿ?"

ಹಾಗಾದರೆ ಆ ರುಮಾಲಿನವನೇ ಪಿಶಾಚಿಯೇ? ಮೇಲಿದ್ದ ಬಾವಲಿಯೂ ಅವನೇ?

ಪಡಸಾಲೆಯ ತುಂಬ ಮಂದಿ ನನ್ನನ್ನೇ ನೋಡುತ್ತಿದ್ದರು. ಓದಿಲ್ಲ ಎಂದು ಒಪ್ಪಿಕೊಂಡರೆ ಬೆಳ್ಳಿ ದೀಪ ಬಂದೀತು, ಆದರೆ ಹದಿನೆಂಟು ವರ್ಷ ಕಾಪಾಡಿದ ಪಾಂಡಿತ್ಯ ಹೋಗುತ್ತದೆ. ಓದಿದ್ದೇನೆ ಎಂದರೆ ಪಾಂಡಿತ್ಯ ಉಳಿಯುತ್ತದೆ, ನಾನು ಪಿಶಾಚಿಯಾಗುತ್ತೇನೆ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಶೈಲೇಶ ದೀಪವನ್ನು ನನ್ನ ಕಡೆ ಚಾಚಿದ. "ಅಣ್ಣಾ, ಒಂದು ಸಲ ಮುಟ್ಟಿ ನೋಡ್ರಿ, ಸುಡತೈತೇನು."

ಜನ್ಮದಲ್ಲಿ ಪುಸ್ತಕ ಮುಟ್ಟದವನು ನನ್ನ ಪರೀಕ್ಷೆ ತೆಗೆದುಕೊಳ್ಳುವುದೇ? ನಾನು ಕೈ ಹಿಂದಕ್ಕೆ ಎಳೆದುಕೊಂಡೆ. "ಬ್ಯಾಡ. ಅತ್ತಿಯವರು ಹೇಳಿದ್ದು ಖರೇ ಐತಿ. ಬೆಳ್ಳಿ ನನಗ ಒಗ್ಗೂದಿಲ್ಲ," ಎಂದೆ. ಹೇಳುವಾಗ ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದರು. ಒಳಗೆ ಹೋಗಿ ಹೊಸ ಟವೆಲಿನಲ್ಲಿ ಸುತ್ತಿದ ಒಂದು ಗಂಟು ತಂದು, ಅನಾರಸದ ತಾಟಿನ ಜೊತೆ ನನ್ನ ಕೈಯಲ್ಲಿಟ್ಟರು. ಬಿಚ್ಚಿದರೆ ಅವೇ ಮೂರು ಪುಸ್ತಕಗಳು!

"ಅಳ್ಯಾರ," ಎಂದರು ನನಗಷ್ಟೇ ಕೇಳುವಂತೆ, "ಬುಕ್ಕಿನ ಹಾಳಿ ಒಂದಕ್ಕೊಂದು ಅಂಟಿಕೊಂಡಿದ್ದುರಿ. ಮೊದಲನೇದು, ಕಡೇದು ಅಷ್ಟ ಬಿಚ್ಚಿದ್ದು, ಉಳದದ್ದೆಲ್ಲಾ ನಾನ ಬ್ಲೇಡ್ ಹಿಡದು ಕೊಯ್ದು ಓದೀನಿ. ಮುಂದಿನ ಧೋಂಡೆಕ್ಕ ಇನ್ನೂ ಮೂರು ವರ್ಷ ಐತಿ. ಅಷ್ಟರಾಗ ಓದಿ ಮುಗಸ್ರಿ. ನಾ ಕೇಳತೀನಿ."

ಸೊಲ್ಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಸುವರ್ಣಾ ತವರಿನಿಂದ ಕಟ್ಟಿಸಿಕೊಂಡ ರೊಟ್ಟಿಯ ಗಂಟು ಬಿಚ್ಚಿದಳು. ಶೇಂಗಾ ಚಟ್ನಿಯ ಬೆಳ್ಳುಳ್ಳಿ ಘಮ ಬಸ್ಸನ್ನೆಲ್ಲ ತುಂಬಿತು. ನಾನು ಕೈ ಚಾಚಿದೆ. ಅವಳು ಗಂಟನ್ನು ಕಿಟಕಿಯ ಕಡೆಗೆ ಸರಿಸಿಕೊಂಡು, 'ಹಳೇ ವಾಡೆಯ ಜಹಗೀರದಾರ'ನನ್ನು ನನ್ನ ತೊಡೆಯ ಮೇಲೆ ಇಟ್ಟಳು.

"ಎರಡನೇ ಪುಟದಿಂದ ಚಾಲೂ ಮಾಡ್ರಿ," ಎಂದಳು.